ಅಪ್ಪ ಹೊಲಿದ ಹಾಯಿ, ಮಾವನ ಕೊಪ್ಪರಿಗೆ

ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅಪ್ಪ ಮುಂಬಯಿ ಬಿಟ್ಟು ವಿಜಾಪುರದ ಮನೆಗೆ ಬಂದಾಗ ಅವನ ಜೊತೆ ಒಂದು ಹಾಸಿಗೆಯ ಸುರುಳಿ, ಒಂದು ತಗಡಿನ ಟ್ರಂಕು ಬಂದವು. ಟ್ರಂಕಿನಲ್ಲಿ ಉಡಲಿಕ್ಕೆ ಅರಿವೆ ಇರಬಹುದೆಂದು ಅವ್ವ ಆಸೆಪಟ್ಟಿದ್ದಳು. ಆಗ ಅರಿವೆಗೆ ರೇಶನ್ನು. ಕಂಟ್ರೋಲ್ ಅಂಗಡಿಯ ಮುಂದೆ ಮುಂಜಾನೆಯಿಂದ ನಿಂತರೆ ಒಂದು ಸೀರೆ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಮುಚ್ಚಳ ತೆಗೆದು ನೋಡಿದರೆ ಒಳಗೆ ದಬ್ಬಣದಂಥ ಸೂಜಿಗಳ ಡಬ್ಬಿ, ಅಂಗೈಗೆ ಕಟ್ಟಿಕೊಳ್ಳುವ ತೊಗಲಿನ ಪಟ್ಟಿ, ಜೇನುಮೇಣದ ಒಂದು ಉಂಡೆ, ಮತ್ತೆ ಕೈಯಿಂದ ಹರಿಯಲಾಗದಂಥ ದಪ್ಪ ಬಿಳಿ ಬಟ್ಟೆಯ ತುಂಡುಗಳು.

"ಇದನ್ನ ಯಾರು ಉಡಬೇಕ್ರಿ?" ಎಂದಳು ಅವ್ವ, ಒಂದು ತುಂಡನ್ನು ಎತ್ತಿ ಹಿಡಿದು.

"ಗಾಳಿ ಉಡತೈತಿ," ಎಂದ ಅಪ್ಪ.

ಅಪ್ಪ ಮುಂಬಯಿಯ ಬಂದರದ ಹತ್ತಿರ ಒಂದು ಗೋದಾಮಿನಲ್ಲಿ ಹಡಗುಗಳ ಹಾಯಿ ಹೊಲಿಯುತ್ತಿದ್ದ. ನಾನು ಹುಟ್ಟುವ ಮೊದಲೇ ಹೋದವನು, ವರ್ಷಕ್ಕೊಮ್ಮೆ ದೀಪಾವಳಿಗೆ ಬಂದು ಹದಿನೈದು ದಿನ ಇದ್ದು ಹೋಗುತ್ತಿದ್ದ. ಹಾಯಿಗೆ ಅವನು ಅಲ್ಲಿಯವರಂತೆ 'ಶೀಡ' ಅನ್ನುತ್ತಿದ್ದ. ಅವ್ವ ಅದಕ್ಕೆ 'ನಿಮ್ಮ ಸಣ್ಣ ಹೇಣ್ತಿ' ಅನ್ನುತ್ತಿದ್ದಳು. ನಗುತ್ತಲೇ ಅನ್ನುತ್ತಿದ್ದಳು, ಆದರೆ ಆ ನಗೆ ಹುಳಿಯಾದ ಮಜ್ಜಿಗೆಯ ಹಾಗಿರುತ್ತಿತ್ತು.

ಅವನು ಕೆಲಸ ಬಿಟ್ಟು ಬಂದದ್ದು ಕಣ್ಣಿನಿಂದಾಗಿ. ಎರಡೂ ಕಣ್ಣು ಅಂಚಿನಿಂದ ಒಳಗೊಳಗೆ ಮಬ್ಬಾಗುತ್ತಿದ್ದವು. ಮಿರಜಿನ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಂದ. ಇದು ತೆಗೆದುಹಾಕುವ ಪೊರೆಯಲ್ಲ, ಒಳಗಿನ ನರವೇ ಒಣಗುತ್ತಿದೆ, ವರ್ಷವೋ ಒಂದೂವರೆ ವರ್ಷವೋ ಕಂಡೀತು, ನೋಡಬೇಕಾದ್ದು ಏನಾದರೂ ಇದ್ದರೆ ಈಗಲೇ ನೋಡಿಕೊಳ್ಳಿ ಎಂದು ಅಲ್ಲಿಯ ಡಾಕ್ಟರು ಹೇಳಿದರಂತೆ. ಅಪ್ಪ ಈ ಮಾತನ್ನು ನಮಗೆ ಯಾರದೋ ಸುದ್ದಿಯಂತೆ ಹೇಳಿ, ಎಲೆ ಅಡಿಕೆಯ ಚೀಲ ಹುಡುಕತೊಡಗಿದ. ಚೀಲ ಅವನ ಮಗ್ಗುಲಲ್ಲೇ ಇತ್ತು.

ನನ್ನ ಮದುವೆಯಾಗಿ ಆಗ ಎರಡು ವರ್ಷ. ತಿಕೋಟಾ ನನ್ನ ಗಂಡನ ಮನೆ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಲಿಯ ಮೇಲೆ ಓಡುತ್ತಿದ್ದ ಕಾಲ. ಹಿಂದುಗಡೆ ಒಂದು ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಲಿ ಸುರಿದು, ಕಂಡಕ್ಟರು ಪಂಖ ತಿರುವಿ ತಿರುವಿ ಬೆಂಕಿ ಎಬ್ಬಿಸಿದ ಮೇಲೆ ಅದು ಹೊರಡುತ್ತಿತ್ತು. ಏರು ಬಂದಲ್ಲಿ ಗಂಡಸರು ಇಳಿದು ನೂಕುತ್ತಿದ್ದರು. ಅಂಥ ಬಸ್ಸಿನಲ್ಲಿ ತಿಂಗಳಿಗೊಮ್ಮೆ ನಾನು ಅಪ್ಪನನ್ನು ನೋಡಲು ಹೋಗುತ್ತಿದ್ದೆ. ಇಳಿಯುವಾಗ ಮುಖವೆಲ್ಲ ಮಸಿ.

ಹಾಗೆ ಹೋದ ಒಂದು ದಿನ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಗೋಡೆಗೆ ಒರಗಿ ಕೂತಿದ್ದ. ಅವ್ವ ಸುಮ್ಮನೆ ಕೇಳಿದಳು:

"ಇಷ್ಟು ವರ್ಷ ಹೊಲದ್ರಿ. ಅದರ ಕೆಳಗ ಕುಂತು ಒಮ್ಮೆರ ಎಲ್ಲಿಗರ ಹೋಗಿರೇನು?"

"ಇಲ್ಲ."

"ಒಮ್ಮೀನೂ?"

"ನಮ್ಮದು ಗೋದಾಮಿನ ನೆಲದ ಮ್ಯಾಲಿನ ಕೆಲಸ. ಹೊಲದು ಮಡಚಿಟ್ರ ಹಮಾಲರು ಹೊತ್ತುಕೊಂಡು ಹೋಗೂದು. ದೂರದಾಗ ಹಡಗ ಹೋಗೂದು ಕಾಣತಿತ್ತು. ಯಾವುದು ನಂದು, ಯಾವುದು ಮಂದೀದು, ಹೆಂಗ ಗೊತ್ತಾಗಬೇಕು?" ಅಪ್ಪ ಮತ್ತೆ ಹೇಳಿದ: "ನನ್ನ ಹೊಲಿಗಿ ಗಾಳಿ ತುಂಬಿಕೊಂಡಿದ್ದು ನಾ ಹತ್ರದಿಂದ ನೋಡೇ ಇಲ್ಲ."

ಹಂಚಿನ ಮೇಲಿನ ರೊಟ್ಟಿ ಕರಕಾಗುವವರೆಗೂ ಅವ್ವನ ಕೈ ಹಿಟ್ಟಿನ ಮೇಲೆಯೇ ಇತ್ತು. "ಇದನ್ನ ಒಮ್ಮೆರ ಯಾಕ ಹೇಳಲಿಲ್ರಿ?" ಎಂದಳು.

"ನೀ ಕೇಳಲಿಲ್ಲಲ್ಲ."

ಅವ್ವನ ಮನಸ್ಸಿನಲ್ಲಿ ಅಷ್ಟೂ ವರ್ಷ ಅಪ್ಪ ಸಮುದ್ರದ ಮೇಲೆ ತಂಪಾಗಿ ತೇಲುತ್ತಿದ್ದನೋ ಏನೋ. ಆ ದಿನ ಊಟವಾದ ಮೇಲೆ ಟ್ರಂಕಿನ ತುಂಡುಗಳನ್ನು ತಾನೇ ಹೊರಗೆ ತೆಗೆದು ಅಂಗಳದಲ್ಲಿ ಹಾಸಿದಳು. ಅದರಲ್ಲಿ ಜೋಳದ ಚೀಲ ಹೊಲಿಸಬೇಕು, ಕಿಡಕಿಗೆ ಮಳೆಯ ಪರದೆ ಮಾಡಬೇಕು ಎಂದು ಅಳೆದಿಟ್ಟುಕೊಂಡಿದ್ದವಳು ಅವಳೇ. "ಹೊಲೀರಿ," ಎಂದಳು. "ದೋಣಿ ನಾ ನೋಡತೇನಿ."

ದೋಣಿ ಎಲ್ಲಿ ಸಿಗುತ್ತದೆ ಎಂದು ಅವ್ವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಮ್ಮ ಕಡೆ ಒಕ್ಕಲುತನದ ಸಾಮಾನು ಎಂಥದು ಕೇಳಿದರೂ ನಾಲ್ಕು ಮನೆ ದಾಟುವುದರೊಳಗೆ ಸಿಗುತ್ತದೆ. ದೋಣಿ ಮಾತ್ರ ಯಾರ ಮನೆಯಲ್ಲೂ ಇಲ್ಲ. ಅಪ್ಪ ಹೊಲಿಯತೊಡಗಿದ. ದಾರಕ್ಕೆ ಮೇಣ ಸವರಿ ಸೂಜಿಗೆ ಪೋಣಿಸಿ ಕೊಡುವುದು ಅವ್ವನ ಕೆಲಸವಾಯಿತು. ನಾನು ದೋಣಿ ಹುಡುಕುವುದಕ್ಕೆ ಜೊತೆಯಾದೆ.

ಮೊದಲು ಹೋದದ್ದು ವಿಜಾಪುರಕ್ಕೆ ನೀರು ಕೊಡುವ ಕೆರೆಗೆ. ಅಲ್ಲಿ ನೀರಿನ ಹುಲ್ಲು ತೆಗೆಯಲು ಒಂದು ಸಣ್ಣ ದೋಣಿ ಇದೆ ಎಂದು ಟಾಂಗಾದವನು ಹೇಳಿದ್ದ. ಕಾವಲುಗಾರ ವಯಸ್ಸಾದ ಮುಸಲ್ಮಾನ, ಬಹಳ ಮರ್ಯಾದೆಯ ಮನುಷ್ಯ. ಅಪ್ಪನ ಮಾತನ್ನೆಲ್ಲ ಕೇಳಿ ಗಡ್ಡ ನೀವಿಕೊಂಡ.

"ಇದು ಊರ ಕುಡಿಯೋ ನೀರು ಅದಾವ್ರಿ, ಸಾಹೇಬ್ರ. ಇವತ್ತ ನಿಮ್ಮನ್ನ ಬಿಟ್ಟೆ ಅಂದ್ರ ನಾಳೆ ಮಂದಿ ಎಮ್ಮಿ ಹೊಡಕೊಂಡು ಬರತಾರ. ದಂಡಿ ಮ್ಯಾಲ ಐತಿ ನೋಡ್ರಿ ದೋಣಿ, ಬೇಕಾದ್ರ ಅದರಾಗ ಕುಂಡ್ರಿ. ಎಷ್ಟ ಹೊತ್ತರ ಕುಂಡ್ರಿ."

ದೋಣಿ ಒಣ ಮಣ್ಣಿನ ಮೇಲೆ ಬಿದ್ದುಕೊಂಡಿತ್ತು. ಅಪ್ಪ ಚಪ್ಪಲಿ ಬಿಟ್ಟು ಅದರಲ್ಲಿ ಹೋಗಿ ಕೂತ. ಎರಡೂ ಕೈ ಎರಡು ಅಂಚಿಗೆ ಇಟ್ಟು, ನೀರಿನ ಕಡೆ ಮುಖ ಮಾಡಿ, ಫೋಟೋ ತೆಗೆಸಿಕೊಳ್ಳುವವರಂತೆ ಕೂತ. ನಾನು ಬೇರೆ ಕಡೆ ನೋಡಿದೆ. ಸ್ವಲ್ಪ ಹೊತ್ತಿಗೆ ತಾನೇ ಎದ್ದು, "ಸಾಕು, ನಡಿಯವ್ವಾ," ಎಂದ.

ಕೃಷ್ಣಾ ಹೊಳೆಯ ದೋಣಿಯವರನ್ನು ಕೇಳಿಸಿದೆವು. ಬ್ಯಾಸಗಿಯಲ್ಲಿ ನೀರಿಲ್ಲ, ಮಳೆಗಾಲದಲ್ಲಿ ಹೊಳೆ ಹುಚ್ಚಾಗಿರುತ್ತದೆ, ಕೋಲು ಹಾಕುವುದೇ ಕಷ್ಟ, ಅರಿವೆ ಕಟ್ಟಿಕೊಂಡು ಯಾರು ಸಾಯಬೇಕು ಎಂದು ಅವರು ಹೇಳಿ ಕಳಿಸಿದರು. ತಿಕೋಟಾದಲ್ಲಿ ನನ್ನ ಅತ್ತೆ ಈ ಸುದ್ದಿ ಕೇಳಿದಳು. "ಬೀಗರನ್ನ ಕರಕೊಂಡು ಬಾರವಾ. ನಮ್ಮ ಬಾವಿ ಏನು ಸಣ್ಣದೈತೇನು?" ಎಂದಳು. ಅಪ್ಪ ಮರ್ಯಾದೆಗೆ ಬಂದ. ಬಾವಿಯ ದಂಡೆಯಲ್ಲಿ ನಿಂತು ಬಗ್ಗಿ ನೋಡಿದ. ಕೆಳಗೆ, ಬಹಳ ಕೆಳಗೆ, ಒಂದು ತಾಟಿನಷ್ಟು ನೀರು.

"ಬೀಗತಿಯವರ," ಎಂದ ಅಪ್ಪ, "ನಾ ಅಂತೂ ಮೆಟ್ಟಲಾ ಇಳಕೊಂಡು ಹೋಗತೇನಿ. ಗಾಳಿ ಇಳೀತೈತೋ ಇಲ್ಲೋ!"

ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕು, ಶೇಂಗಾದ ಹೋಳಿಗೆ ಕಟ್ಟಿಕೊಟ್ಟು ಕಳಿಸಿದಳು.

ಹೀಗೆಯೇ ಹಂಗಾಮು ಕಳೆಯಿತು. ಹಾಯಿ ಮುಗಿಯುತ್ತ ಬಂತು. ಅಪ್ಪ ಹೊಲಿಗೆಯನ್ನು ನೋಡುವುದಕ್ಕಿಂತ ಹೆಬ್ಬೆರಳಿನಿಂದ ಮುಟ್ಟುವುದೇ ಹೆಚ್ಚಾಯಿತು. ಅವ್ವ ಇದನ್ನು ಗಮನಿಸಿದ್ದಳು. ನನ್ನನ್ನು ಒಳಮನೆಗೆ ಕರೆದು, "ಲಗೂನ ಆಗಬೇಕವ್ವಾ," ಎಂದಷ್ಟೇ ಹೇಳಿದಳು.

ಅವ್ವನ ತಮ್ಮ, ಅಂದರೆ ನನ್ನ ಸೋದರಮಾವ, ಬಬಲೇಶ್ವರದಲ್ಲಿ ಇರುತ್ತಿದ್ದ. ಬಾವಿಯ ನೀರಿನ ಮೇಲೆ ಸ್ವಲ್ಪ ಕಬ್ಬು ಮಾಡಿ, ಚಳಿಗಾಲದಲ್ಲಿ ಗಾಣ ಹೂಡಿ ಬೆಲ್ಲ ತೆಗೆಯುತ್ತಿದ್ದ. ಸಂತೆಗೆ ವಿಜಾಪುರಕ್ಕೆ ಬಂದವನು ಅಂಗಳದಲ್ಲಿ ಹಾಯಿಯನ್ನು ನೋಡಿ, "ಮಾಮಾ, ಯಾರ ಮದವಿ ಹಂದರಾರಿ ಇದು?" ಎಂದು ಅಪ್ಪನನ್ನು ಚೇಷ್ಟೆ ಮಾಡಿದ; ಅಕ್ಕನ ಗಂಡನಿಗೆ ಅವನು ಮಾಮಾ ಅನ್ನುತ್ತಿದ್ದ. ಅವ್ವ ಎಲ್ಲ ಹೇಳಿದಳು. ಕೇಳಿ ಅವನು ಅಂದ:

"ಹೊಳಿದಂಡಿ ಮಂದಿ ಮಹಾಪೂರ ಬಂದಾಗ ದೋಣಿ ಹಾದಿ ನೋಡೂದಿಲ್ಲ ಯಕ್ಕಾ. ಬೆಲ್ಲದ ಕೊಪ್ಪರಗಿ ನೀರಿಗೆ ಬಿಡತಾರ, ಅದರಾಗ ಕುಂತು ದಾಟತಾರ."

ಹೇಳಿದವನು ತಕ್ಷಣ ನಾಲಿಗೆ ಕಚ್ಚಿಕೊಂಡ. ಕೊಪ್ಪರಿಗೆ ಅಂದರೆ ಕಬ್ಬಿನ ಹಾಲು ಕಾಯಿಸುವ ಅಗಲವಾದ ಕಬ್ಬಿಣದ ಪಾತ್ರೆ. ನಾಲ್ಕು ಆಳು ಹೊರಬೇಕು. ಹಂಗಾಮು ಮುಗಿದ ಮೇಲೆ ಅದನ್ನು ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಮುಂದಿನ ವರ್ಷದವರೆಗೆ ಬೋರಲು ಹಾಕಿಡುತ್ತಿದ್ದರು. ಲಕ್ಷ್ಮಿ ಕುದಿಯುವ ಜಾಗ ಅದು. ಅಪ್ಪಿತಪ್ಪಿ ಕಾಲು ತಾಗಿದರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಹೊಳೆ ಊರು ಹೊಕ್ಕಾಗ ಜೀವ ಉಳಿಸಿಕೊಳ್ಳಲು ಏರಿದರೆ ಅದು ಬೇರೆ. ಸುಮ್ಮನೆ ಆಸೆಗೆಂದು ಅದರೊಳಗೆ ಕಾಲಿಡುವುದು?

"ಮುಂದ ಬೆಲ್ಲ ಕೂಡದಿದ್ರ ನನ್ನ ಹೇಣ್ತಿ ನನ್ನನ್ನ ಕಾಯಸತಾಳ ಅದರಾಗ," ಎಂದ ಮಾವ.

ಅವ್ವ ತುಸು ಯೋಚಿಸಿ, "ತೊಳದ ಕಾಲಿಗೆ ಯಾವ ದೋಷಾನೂ ಇಲ್ಲ," ಎಂದಳು. "ಮದವ್ಯಾಗ ಮದುಮಗನ ಕಾಲ ತೊಳೀತಾರಲ್ಲ, ಹಂಗ ತೊಳದ ಏರಿಸೂನು. ನಿಮ್ಮ ಮಾಮಾನ ಕಾಲ ನಾ ತೊಳೀತೇನಿ. ಆತಿಲ್ಲೋ?"

ಮಾವ ಎರಡು ದಿನ ಬಿಟ್ಟು, "ನಮ್ಮಾಕಿ ಹೂಂ ಅಂದಾಳ. ಬರ್ರಿ," ಎಂದು ಹೇಳಿ ಕಳಿಸಿದ.

ಶ್ರಾವಣದ ಮೊದಲ ದಿನಗಳು. ಬಬಲೇಶ್ವರದ ಹೊರಗಿನ ಕೆರೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿತ್ತು. ನಡುವಿಗೂ ಎದೆಯ ಮಟ್ಟಕ್ಕಿಂತ ಆಳವಿಲ್ಲ ಎಂದು ಮಾವ ಹಿಂದಿನ ದಿನ ತಾನೇ ಇಳಿದು ನೋಡಿದ್ದ. ಪಡುವಣ ಗಾಳಿ ಒಂದೇ ಸಮನೆ ಬೀಸುತ್ತಿತ್ತು. ಚಕ್ಕಡಿಯಲ್ಲಿ ಕೊಪ್ಪರಿಗೆ ಬಂತು. ಅರಿವೆ ಒಗೆಯುತ್ತಿದ್ದ ಹೆಂಗಸರು ಒಗೆಯುವುದು ಬಿಟ್ಟು ಕೂತರು.

ಕಂಬ ನಿಲ್ಲಿಸಲು ಮಾವ ಮನೆಯ ಒರಳಕಲ್ಲನ್ನೇ ತಂದಿದ್ದ. ಒರಳಿನ ಕುಣಿಯಲ್ಲಿ ಕಂಬ ನಿಲ್ಲಿಸಿ, ಸಂದಿಗೆ ಚಿಂದಿ ಬಡಿದು, ಹಗ್ಗಗಳನ್ನು ಕೊಪ್ಪರಿಗೆಯನ್ನು ಎತ್ತುವ ಬಳೆಗಳಿಗೆ ಎಳೆದು ಕಟ್ಟಿದ. ಎಲ್ಲವೂ ಸರಿ. ಆದರೆ ಒರಳನ್ನು ಇಟ್ಟದ್ದು ನಟ್ಟನಡುವೆ.

"ಮುಂದ ಇಡಬೇಕೋ ಏನೋ," ಎಂದ ಅಪ್ಪ. "ಹಡಗಿನ್ಯಾಗ ಮುಂದ ಇದ್ದಂಗ ಕಾಣತಿತ್ತು."

"ಅಂಚಿನ್ಯಾಗ ಯಾರರ ಮೇಟಿ ನೆಡತಾರೇನ್ರಿ ಮಾಮಾ?" ಎಂದ ಮಾವ. ಮೇಟಿ ಅಂದರೆ ರಾಶಿಯ ಕಣದ ನಡುವಿನ ಕಂಬ. ಅದರ ಸುತ್ತ ಎತ್ತುಗಳು ತಿರುಗಿ ತೆನೆ ತುಳಿಯುತ್ತವೆ. ಜೀವಮಾನವಿಡೀ ಕಣ ಮಾಡಿದ ಮಾವನಿಗೆ ಕಂಬ ಅಂದಮೇಲೆ ನಡುವೆಯೇ ಇರಬೇಕು. ಅಪ್ಪ ಹೊಲಿದವನೇ ಹೊರತು ಏರಿದವನಲ್ಲ, ಒಪ್ಪಿದ.

ಅವ್ವ ತಂಬಿಗೆಯಿಂದ ಅಪ್ಪನ ಕಾಲು ತೊಳೆದು ಸೆರಗಿನಿಂದ ಒರೆಸಿದಳು. ಅಪ್ಪ ಏರಿ ಒಂದು ಗೋಣಿತಟ್ಟಿನ ಮೇಲೆ ಕೂತ. ನನಗೂ ಕಾಲು ತೊಳೆದು ಏರಿಸಿದರು, ಹಗ್ಗ ಹಿಡಿಯಲಿಕ್ಕೆ ಒಬ್ಬರು ಬೇಕಲ್ಲ. ಮಾವ ನೂಕಿದ. ಹಾಯಿ ಪಟ್ಟೆಂದು ಬಡಿಯಿತು. ಕೊಪ್ಪರಿಗೆ ಎರಡು ಮಾರು ಹೋಗಿ, ಮೆಲ್ಲಗೆ ತಿರುಗಿತು. ಮತ್ತೆ ತಿರುಗಿತು. ಆಮೇಲೆ ಮೇಟಿಯ ಎತ್ತಿನಂತೆ ಸುತ್ತತೊಡಗಿತು.

ಹೆಂಗಸರ ನಗೆ ತಡೆಯದಾಯಿತು. "ರಾಶಿ ಎಷ್ಟ ಬಂತ್ರಿ ಕಾಕಾ?" ಎಂದು ಒಬ್ಬಳು ಕೂಗಿದಳು. ಇನ್ನೊಬ್ಬಳು, "ತೂರಾಕ ಬುಟ್ಟಿ ತರೂನೇನ್ರಿ?" ಎಂದಳು. ನನಗೆ ತಲೆ ಸುತ್ತು ಬಂದು ಕಣ್ಣು ಮುಚ್ಚಿದೆ. ಮಾವ ಎದೆಮಟ್ಟದ ನೀರಿನಲ್ಲಿ ಬಂದು ಬಳೆ ಹಿಡಿದು ದಂಡೆಗೆ ಎಳೆದುಕೊಂಡು ಹೋದ. ಕೆರೆಯಂಚಿನ ಒಣ ದೋಣಿಯಲ್ಲಿ ಕೂತು ಎದ್ದ ದಿನ ಅಪ್ಪನ ಮುಖ ಇತ್ತಲ್ಲ, ಅದೇ ಮುಖ.

ಅವ್ವ ಸೊಂಟಕ್ಕೆ ಸೆರಗು ಬಿಗಿದಳು. "ಬಾಲಂಗೋಚಿ ಇಲ್ಲದ ಪಟ ತಿರಗದ ಏನ್ಮಾಡತೈತಿ? ಸಣ್ಣಾಂವ ಇದ್ದಾಗ ನಿನಗ ಎಷ್ಟು ಪಟ ಕಟ್ಟಿಕೊಟ್ಟೇನಿ, ಮರತಿ ಏನೋ? ಹಿಂದ ಬಾಲಾ ಕಟ್ಟು. ಆ ಕಂಬಾ ನಿಮ್ಮ ಮಾಮಾ ಹೇಳಿದಂಗ ಮುಂದ ಇಡು."

ಮಾವ ಬೇವಿನ ಒಂದು ಟೊಂಗೆ ಕಡಿದು, ಉದ್ದ ಹಗ್ಗಕ್ಕೆ ಕಟ್ಟಿ, ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟ. ಒರಳನ್ನು ಮುಂದಿನ ಅಂಚಿಗೆ ಸರಿಸಿ ಮತ್ತೆ ಕಟ್ಟಿದ. ಆದರೆ ಒರಳಿನ ಭಾರಕ್ಕೆ ಮುಂದಿನ ಅಂಚು ತಗ್ಗಿ ನೀರು ಒಳಗೆ ಇಣುಕತೊಡಗಿತು. ಹಿಂದುಗಡೆ ಭಾರ ಬೇಕು. ನಾನು ಆಗ ಕಡ್ಡಿಯಂತಿದ್ದೆ.

ಮಾವ ಅವ್ವನನ್ನು ಮೇಲಿಂದ ಕೆಳಗೆ ನೋಡಿದ. "ಯಕ್ಕಾ, ಭಾರ ಅಂದ್ರ ನೀನ ನೋಡು."

"ಲೇ, ಬಾಯಿ ಮುಚ್ಚೋ! ನಾ ಒಲ್ಲೆ. ನೀರಂದ್ರ ನನಗ ಜೀವ ಹೋಗತೈತಿ."

"ಹಂಗಾದ್ರ ಕೊಪ್ಪರಗಿ ಚಕ್ಕಡಿಗೆ ಹೇರೂನೇನು?"

ಅವ್ವ ಅಪ್ಪನ ಕಡೆ ನೋಡಿದಳು. ಅವನು ಕಂಬದ ಬುಡದಲ್ಲಿ ಹಾಯಿಯ ಅಂಚನ್ನು ಬೆರಳಿನಿಂದ ಸವರುತ್ತ ನಿಂತಿದ್ದ. ಅವ್ವ ಚಪ್ಪಲಿ ಕಳೆದಳು. ತಂಬಿಗೆಗೆ ಬಗ್ಗುವಷ್ಟರಲ್ಲಿ ಅಪ್ಪ ಬಂದು, ಕೈಯಿಂದ ತಡಕಿ ತಂಬಿಗೆ ತೆಗೆದುಕೊಂಡು, ಕೆಸರಿನಲ್ಲಿ ಮೊಣಕಾಲೂರಿ ಕೂತ.

"ಏ, ಇದೇನ್ರಿ! ಪಾಪ ಬರತೈತಿ, ಬಿಡ್ರಿ! ಮಂದಿ ನೋಡಾಕತ್ತಾರ."

"ನೋಡಲಿ. ನನಗಂತೂ ಮಂದಿ ಕಾಣವಲ್ರು," ಎಂದ ಅಪ್ಪ.

ದಂಡೆಯ ಹೆಂಗಸರಲ್ಲಿ ಒಬ್ಬರೂ ನಗಲಿಲ್ಲ. ಅಪ್ಪ ಅವ್ವನ ಒಂದೊಂದೇ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ತೊಳೆದ. ಹಿಮ್ಮಡಿಗೆ ಕೈ ಬಂದಾಗ ನಿಲ್ಲಿಸಿದ. ಹೊಲಿಗೆ ನೋಡುವಂತೆ ಹೆಬ್ಬೆರಳಿನಿಂದ ಬಿರುಕುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

"ಇಷ್ಟ ಒಡದಾವೇನ?" ಎಂದ.

"ಇವತ್ತ ಒಡದಾವೇನ್ರಿ ಅವು?" ಎಂದಳು ಅವ್ವ.

ಅಪ್ಪನೂ ನಾನೂ ಮತ್ತೆ ಕಾಲು ತೊಳೆದುಕೊಂಡು ಏರಿದೆವು, ಅಪ್ಪ ಕಂಬದ ಬುಡದಲ್ಲಿ ಕೂತ. ಅವ್ವ ಕೊಪ್ಪರಿಗೆಯ ಹಿಂದಿನ ಅಂಚಿಗೆ ಬೆನ್ನು ಕೊಟ್ಟು, ನನ್ನ ತೋಳನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ ಕೂತಳು. ಮುಂದಿನ ಅಂಚು ಎದ್ದಿತು. ಮಾವ ನೂಕಿ ಕೈಬಿಟ್ಟ. ಹಾಯಿ ಒಮ್ಮೆ ಸಡಿಲಾಗಿ ನಡುಗಿತು. ಆಮೇಲೆ ಗಾಳಿ ಅದರೊಳಗೆ ಬಂತು. ಹಗ್ಗ ನನ್ನ ಕೈಯಲ್ಲಿ ಬಿಗಿಯಾಯಿತು, ಹಿಂದೆ ಬೇವಿನ ಟೊಂಗೆ ನೀರು ಸೀಳುತ್ತ ಎಳೆದುಕೊಂಡು ಬಂತು, ಕೊಪ್ಪರಿಗೆ ನೆಟ್ಟಗೆ ನಡೆಯಿತು. ತಿರುಗಲಿಲ್ಲ. ಮಾತಿಲ್ಲದೆ, ಎತ್ತಿಲ್ಲದೆ, ಇದ್ದಲಿಯಿಲ್ಲದೆ ನಡೆಯಿತು. ತಳದಲ್ಲಿ ನೀರಿನ ಸಣ್ಣ ಸಪ್ಪಳ ಮಾತ್ರ.

ಅಪ್ಪ ತಲೆ ಹಿಂದಕ್ಕೆ ಹಾಕಿ ಮೇಲೆ ನೋಡುತ್ತಿದ್ದ. ಕಣ್ಣನ್ನು ಅತ್ತ ಇತ್ತ ಹೊರಳಿಸಿ, ಕಿರಿದು ಮಾಡಿ, ದೊಡ್ಡದು ಮಾಡಿ ನೋಡುತ್ತಿದ್ದ. "ಬೆಳ್ಳಗ ಕಾಣತೈತಿ," ಎಂದ. "ಬೆಳ್ಳಗ ಅಷ್ಟ ಕಾಣತೈತಿ. ತುಂಬೈತೇನು?"

ನಾನು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಕಣ್ಣು ಬಿಟ್ಟಿದ್ದಳು.

"ತುಂಬೈತ್ರಿ," ಎಂದಳು. "ಏಳು ತಿಂಗಳ ಬಸುರಿ ಹೊಟ್ಟಿ ಹಂಗ ಮುಂದ ಬಂದೈತಿ. ಕೆಳಗ ಅಗಲ, ಮ್ಯಾಲ ಹೋದಂಗ ಸಣ್ಣ. ಬಿಸಿಲ ಹಿಂದಿಂದ ಬಿದ್ದೈತಿ, ನಿಮ್ಮ ಹೊಲಿಗಿ ಸಾಲ ಒಂದೊಂದು ಎಣಸಬಹುದು, ಬಿತ್ತಿದ ಹೊಲಾ ಕಂಡಂಗ ಕಾಣಾಕತ್ತೈತಿ. ಮ್ಯಾಲಿನ ಮೂಲ್ಯಾಗ ಒಂದೀಟು ನಡಗತೈತಿ. ಉಳದದ್ದು ಗಟ್ಟಿ ಐತಿ."

"ಮ್ಯಾಲಿನ ಮೂಲ್ಯಾಗ? ಎಡಕೋ ಬಲಕೋ?"

"ಎಡಕ್ಕರಿ."

ಅಪ್ಪ ಕೈ ಚಾಚಿ ಹಾಯಿಯ ಅಂಚನ್ನು ಹಿಡಿದ. ಹೆಬ್ಬೆರಳು ಹೊಲಿಗೆಯ ಗುಂಟ ಮೇಲೇರಿತು. ಒಂದು ಕಡೆ ನಿಂತಿತು. ಅವನ ಮುಖ ನಾನು ಕಂಡಿದ್ದೆಲ್ಲಕ್ಕಿಂತ ಎಳೆಯದಾಗಿ ಕಂಡಿತು. "ಇಲ್ಲಿ ದಾರಾ ಸಡಿಲ ಬಿಡೋ, ಇಲ್ಲಿ ಸಡಿಲ ಬಿಡೋ ಅಂತ ನಮ್ಮ ಗೋದಾಮಿನ ಮುಕಾದಮ ದಿನಾ ಬಡಕೋತಿದ್ದ," ಎಂದ. "ಯಾಕ ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗಾಳಿ ಬಂದ ಮ್ಯಾಲ ಅರಿವಿ ಇಲ್ಲಿ ಜಗ್ಗತೈತಿ ನೋಡು. ಬಿಗಿ ಹೊಲದ್ರ ಇಲ್ಲೇ ಹರೀತೈತಿ. ಕೈ ತಾ ಇಲ್ಲೆ."

ಅವ್ವ ನನ್ನ ತೋಳು ಬಿಟ್ಟು ಕೈ ಕೊಟ್ಟಳು. ಅಪ್ಪ ಅವಳ ಬೆರಳನ್ನು ಆ ಹೊಲಿಗೆಯ ಮೇಲಿಟ್ಟು ತನ್ನ ಕೈಯನ್ನು ಮೇಲಿಟ್ಟ. ಇಬ್ಬರೂ ಗಾಳಿ ಜಗ್ಗುವುದನ್ನು ಹಾಗೆ ಹಿಡಿದುಕೊಂಡು ಕೂತರು. ನಾನು ಬೇವಿನ ಟೊಂಗೆಯ ಕಡೆ ಮುಖ ತಿರುಗಿಸಿ ಹಗ್ಗವನ್ನು ಮಾತ್ರ ನೋಡಿದೆ.

ಆ ಕಡೆಯ ದಂಡೆ ಬಹಳ ಬೇಗ ಬಂತು. ಕೊಪ್ಪರಿಗೆ ಕೆಸರಿಗೆ ಮೆತ್ತಗೆ ತಾಗಿ ನಿಂತಿತು.

"ಇಳೀರಿ, ದಂಡಿ ಬಂತು," ಎಂದಳು ಅವ್ವ.

"ಒಂದೀಟ ತಡಿ. ಗಾಳಿ ಇನ್ನೂ ಐತಿ."

ಇತ್ತು. ಹಾಯಿ ತುಂಬಿಯೇ ಇತ್ತು, ಎಳೆಯುತ್ತಲೇ ಇತ್ತು. ನಾವು ಮಾತ್ರ ನಿಂತಿದ್ದೆವು. ಅವ್ವ ಮತ್ತೆ ಒತ್ತಾಯ ಮಾಡಲಿಲ್ಲ. ಮಾವ ಏರಿಯ ಮೇಲಿಂದ ಏದುಸಿರು ಬಿಡುತ್ತ ಓಡಿ ಬಂದು, "ಹೆಂಗ ಕಂಡಿತ್ರಿ ಮಾಮಾ?" ಎಂದು ಕೇಳಿದಾಗಲೂ ಇಬ್ಬರ ಕೈ ಹಾಯಿಯ ಮೇಲೆಯೇ ಇತ್ತು.

"ನನಗ ಬೆಳ್ಳಗ ಕಂಡಿತು," ಎಂದ ಅಪ್ಪ. "ಉಳದದ್ದು ನಿಮ್ಮಕ್ಕಗ ಕಂಡೈತಿ."

ಮುಂದಿನ ಯುಗಾದಿಯ ಹೊತ್ತಿಗೆ ಅಪ್ಪನಿಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣದಾಯಿತು. ಆ ಬ್ಯಾಸಗಿಯಲ್ಲಿ ನನ್ನ ಮೊದಲ ಮಗಳು ವಿಜಾಪುರದ ಮನೆಯಲ್ಲಿ ಹುಟ್ಟಿದಳು. ಹನ್ನೆರಡನೆಯ ದಿನ ಕೂಸನ್ನು ಅಪ್ಪನ ತೊಡೆಯ ಮೇಲೆ ಹಾಕಿದೆವು. ಅವನು ಮುಖವನ್ನು ಅವ್ವನಿದ್ದ ಕಡೆ ಎತ್ತಿ ಕಾದ. ಅವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಅವನ ಮಗ್ಗುಲಲ್ಲಿ ಕೂತಳು, ಸೆರಗಿನಿಂದ ಕೈ ಒರೆಸಿಕೊಂಡಳು, ಕೂಸಿನ ಹಣೆಯಿಂದ ಶುರುಮಾಡಿ ಹೇಳತೊಡಗಿದಳು.